ಚಕ್ರದ ಗೂಡಿನೊಳಗಿನ ಪದ

ಪಕ್ಕದ ಮನೆಯ ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆಯುತ್ತಿತ್ತು. ವಿಮಾನ ದುರಸ್ತಿಯ ಹ್ಯಾಂಗರಿನಲ್ಲಿ ತಗಡಿಗೆ ರಿವೆಟ್ ಹೊಡೆಯುವಾಗ ಎಂದೋ ಜಜ್ಜಿಹೋದದ್ದಂತೆ. ಆ ಸೀಳಿನಲ್ಲಿ ಯಾವಾಗಲೂ ಬೂದಿಯಂಥ ಪುಡಿ ಕೂತಿರುತ್ತಿತ್ತು. ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಬಂದ ಪುಡಿ. ಊಟಕ್ಕೆ ಕೂರುವ ಮುಂಚೆ ಅವರ ಹೆಂಡತಿ ಹಳೆಯದೊಂದು ಹಲ್ಲುಜ್ಜುವ ಬ್ರಷ್ ಕೈಗೆ ಕೊಟ್ಟು, "ಮೊದ್ಲ ಅದನ್ನ ತಿಕ್ಕೊಂಡು ಬರ್ರಿ, ಇಲ್ಲಾಂದ್ರ ರೊಟ್ಟಿ ಸಿಗೂದಿಲ್ಲ" ಎನ್ನುತ್ತಿದ್ದರು.

ಲಂಡನ್ನಿನ ಹೇಸ್‌ನ ಸಾಲುಮನೆಗಳಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಬೆಂಗಳೂರಿನಿಂದ ಬಂದು ಆ ಮನೆಯನ್ನು ಬಾಡಿಗೆಗೆ ಹಿಡಿದ ಮೊದಲ ವಾರವೇ ಗೋಡೆಯೊಳಗಿನಿಂದ ಕರಕರ ಸದ್ದು ಕೇಳತೊಡಗಿತು. ಇಲಿ ಇರಬೇಕೆಂದು ಊರಿನ ಕೌನ್ಸಿಲ್‌ಗೆ ಫೋನ್ ಮಾಡಲು ಹೊರಟಿದ್ದೆ. ಮೊದಲು ಪಕ್ಕದವರನ್ನು ಕೇಳೋಣವೆಂದು ಬಾಗಿಲು ತಟ್ಟಿದರೆ, ಎಪ್ಪತ್ತರ ಹತ್ತಿರದ ಒಬ್ಬರು ಒಂದು ಕೈಯಲ್ಲಿ ನೀರು ಸುರಿಯುವ ಉಪ್ಪುಕಾಗದ, ಇನ್ನೊಂದರಲ್ಲಿ ಗೇಣುದ್ದದ ಯುದ್ಧವಿಮಾನ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದವರೇ, "ಕನ್ನಡದಾಕಿ ಏನವಾ ನೀ?" ಎಂದರು. ಅಂದಿನಿಂದ ಅವರು ನನಗೆ ಕಾಕಾ, ಅವರ ಹೆಂಡತಿ ಕಾಕು.

ಕಾಕಾ ವಿಜಯಪುರದವರು. ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಒಂದು ಹ್ಯಾಂಗರಿನಲ್ಲಿ ವಿಮಾನದ ತಗಡು ಕೆಲಸ ಮಾಡಿ ನಿವೃತ್ತರಾಗಿದ್ದರು. ಬದುಕಿಡೀ ದೊಡ್ಡ ವಿಮಾನಗಳ ಚರ್ಮಕ್ಕೆ ತೇಪೆ ಹಾಕಿದ ಮನುಷ್ಯ ಈಗ ಮಾದರಿ ವಿಮಾನಗಳನ್ನು ಕಟ್ಟುತ್ತಿದ್ದರು. ಕಟ್ಟುತ್ತಿದ್ದರು ಎಂದರೆ ಅವರಿಗೆ ಸಿಟ್ಟು. "ಕಟ್ಟೂದು ಯಾರರ ಕಟ್ಟತಾರ. ನಾ ತಿದ್ದತೀನಿ." ಅಂಗಡಿಯಿಂದ ಬಂದ ಡಬ್ಬಿ ಬಿಚ್ಚಿದ ಕೂಡಲೇ ಬಿಡಿಭಾಗಗಳನ್ನು ನಕ್ಷೆಯ ಮೇಲಿಟ್ಟು ತಪ್ಪು ಹುಡುಕುವುದು ಅವರ ಪದ್ಧತಿ. ಮೂತಿ ಕೂದಲೆಳೆಯಷ್ಟು ದಪ್ಪ, ಗಾಳಿ ಒಳಹೋಗುವ ಬಾಯಿಯ ಅಂಚು ಮೊಂಡು, ಬಾಲ ಸ್ವಲ್ಪ ಗಿಡ್ಡ. ಗರಗಸದಿಂದ ಕತ್ತರಿಸಿ, ಹಾಳೆಯಂಥ ಪ್ಲಾಸ್ಟಿಕ್ ತುಣುಕು ಕೂರಿಸಿ, ಸಂದಿಗೆ ಮೇಣದಂಥ ಪುಟ್ಟಿ ತುಂಬಿ, ನೀರಿನಲ್ಲಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಉಜ್ಜುತ್ತಿದ್ದರು. ಮರದ ಹಿಡಿಗೆ ಸಿಕ್ಕಿಸಿದ ಸೂಜಿಯಿಂದ ರಿವೆಟ್ಟುಗಳನ್ನು ಒಂದೊಂದಾಗಿ ಚುಚ್ಚುತ್ತಿದ್ದರು.

"ಡಬ್ಬ್ಯಾಗಿನ ವಿಮಾನ ಖರೇ ವಿಮಾನ ಅಲ್ಲವಾ," ಎನ್ನುತ್ತಿದ್ದರು. "ಯಾರೋ ಆಫೀಸಿನ್ಯಾಗ ಕುಂತು ಹಿಂಗಿರಬೇಕು ಅಂದ್ಕೊಂಡಿದ್ದು."

ಅವರ ಮನಸ್ಸು ಪೂರ್ತಿ ಕೊಟ್ಟದ್ದು ಒಂದೇ ವಿಮಾನಕ್ಕೆ. ಎರಡು ಸೀಟಿನ ಹಳೆಯ ಬ್ರಿಟಿಷ್ ಜೆಟ್. ಅದರ ಕಿಟ್, ಅಂದರೆ ಬಿಡಿಭಾಗಗಳ ಡಬ್ಬಿ, ತಪ್ಪುಗಳ ಮೂಟೆ. ನಕ್ಷೆಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆದ್ದರಿಂದ ಕಾಕಾ ಖುದ್ದು ಅಳೆಯಲು ಹೊರಟರು. ಲಂಡನ್ನಿನ ಇನ್ನೊಂದು ತುದಿಯ ಸಂಗ್ರಹಾಲಯದಲ್ಲಿ ಆ ಜಾತಿಯ ಒಂದು ವಿಮಾನ ಇತ್ತು. ಅನುಮತಿ ಪಡೆದು ಮೂರು ವರ್ಷ, ಹೆಚ್ಚುಕಡಿಮೆ ಪ್ರತಿ ಶನಿವಾರ, ಬಸ್ಸು ಹತ್ತಿ, ಟ್ಯೂಬ್ ರೈಲು ಬದಲಿಸಿ, ಕಾಕು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೊಂದಿಗೆ ಹೋದರು. ತಣ್ಣನೆಯ ಸಿಮೆಂಟು ನೆಲದ ಮೇಲೆ ಅಂಗಾತ ಮಲಗಿ, ಚಕ್ರ ಮಡಚಿ ಒಳಸೇರುವ ಗೂಡಿನೊಳಗೆ ಟಾರ್ಚ್ ಬಿಟ್ಟು, ಉಕ್ಕಿನ ಅಳತೆಪಟ್ಟಿಯಿಂದ ಅಳೆದರು. ಎಡಭುಜ ಹಿಡಿದುಕೊಂಡಿತು. ಜಿಪಿ ಡಾಕ್ಟರು ಹೋಗಬೇಡಿ ಎಂದರೂ ಬಿಡಲಿಲ್ಲ. ಆ ಅಳತೆಗಳೆಲ್ಲ ಏಳು ನೋಟುಬುಕ್ಕುಗಳಲ್ಲಿ ತುಂಬಿದವು.

ಹತ್ತಿರದ ಅಕ್ಸ್‌ಬ್ರಿಡ್ಜ್‌ನ ಒಂದು ಚರ್ಚ್ ಹಾಲಿನಲ್ಲಿ ಮಾದರಿ ಕಟ್ಟುವವರ ಕ್ಲಬ್ ತಿಂಗಳಿಗೊಮ್ಮೆ ಸೇರುತ್ತಿತ್ತು. ಅದರ ಸೆಕ್ರೆಟರಿ ನಗುಮುಖದ, ಇಂಪಾದ ಮಾತಿನ ಇಂಗ್ಲಿಷ್ ಮನುಷ್ಯ. ಕ್ಲಬ್ಬಿನ ಗ್ರಂಥಾಲಯಕ್ಕೆ ಇರಲಿ ಎಂದು ಕಾಕಾನಿಂದ ಮೂತಿ ಮತ್ತು ಗಾಳಿಬಾಯಿಯ ನಕ್ಷೆಗಳನ್ನು ಕೇಳಿ ಒಯ್ದ. ಕೆಲವು ತಿಂಗಳ ನಂತರ ಹೊಳೆಯುವ ಡಬ್ಬಿಯೊಂದು ಮಾರುಕಟ್ಟೆಗೆ ಬಂತು. ಕಿಟ್ಟಿನ ತಪ್ಪು ಭಾಗ ತೆಗೆದು ಇವನ್ನು ಕೂರಿಸಿಕೊಳ್ಳಿ ಎಂದು ರಾಳದಲ್ಲಿ ಅಚ್ಚು ಹೊಯ್ದ ತುಣುಕುಗಳು ಅದರಲ್ಲಿದ್ದವು. ಡಬ್ಬಿಯ ಮೇಲೆ "ಸಂಶೋಧನೆ ಮತ್ತು ನಕ್ಷೆ" ಎಂದು ಬರೆದು ಕೆಳಗೆ ಸೆಕ್ರೆಟರಿಯ ಹೆಸರು.

ಮುಂದಿನ ಸಭೆಯಲ್ಲಿ ಕಾಕಾ ಎದ್ದು ನಿಂತು ಕೇಳಿದರು. ಸೆಕ್ರೆಟರಿ ಅವರ ಭುಜದ ಮೇಲೆ ಕೈ ಹಾಕಿ, "ಗೆಳೆಯಾ, ನೀನು ಅಳತೆಯ ಟೇಪ್ ಹಿಡಿದದ್ದು ನಿಜ, ಅದಕ್ಕೆ ಥ್ಯಾಂಕ್ಸ್. ಸಂಶೋಧನೆ ಅನ್ನುವುದು ಬೇರೆ ವಿಷಯ" ಎಂದ. ಹಾಲೆಲ್ಲ ನಕ್ಕಿತು. ಅವನು ಕೈ ಹಾಕಿದ್ದು ಅವರ ನೋಯುವ ಭುಜದ ಮೇಲೆ.

ಮನೆಗೆ ಬಂದ ಕಾಕಾ ಎರಡು ದಿನ ಉಪ್ಪುಕಾಗದ ಮುಟ್ಟಲಿಲ್ಲ. ಗೋಡೆ ಮೌನವಾಗಿತ್ತು. ಮೂರನೆಯ ದಿನ ನಾನೇ ಹೋದೆ.

"ನಕ್ಕವ್ರನ್ನ ಬಿಟ್ಟೀನಿ," ಎಂದರು. "ಅವ್ರಿಗೆ ಗೊತ್ತಿಲ್ಲ. ನಗಿಸಿದಾಂವನ್ನ ಬಿಡೂದಿಲ್ಲ."

"ವಕೀಲರಿಗೆ ಹೇಳೋಣವಾ ಕಾಕಾ?"

"ವಕೀಲರು ಸಹಿ ಮಾಡಿದ ಕಾಗದ ಕೇಳತಾರ. ನನ್ನ ಕಡೆ ಸಿಟ್ಟೈತಿ."

ಅವರು ಕ್ಲಬ್ ಬಿಡಲಿಲ್ಲ. ತಪ್ಪದೆ ಹೋದರು, ಕುರ್ಚಿ ಜೋಡಿಸಿದರು, ಎಲ್ಲರಿಗೂ ಚಹಾ ಸುರಿದು ಕೊಟ್ಟರು. ಅಷ್ಟು ಮೆತ್ತಗಾದ ಅವರನ್ನು ನೋಡಿ ನನಗೆ ಒಳಗೊಳಗೇ ಬೇಜಾರಾಗಿತ್ತು. ವರ್ಷ ತುಂಬುವ ಮೊದಲೇ ಸೆಕ್ರೆಟರಿ ಮತ್ತೆ ಬಂದ. ಎರಡನೆಯ ಡಬ್ಬಿ ತರುವ ಯೋಚನೆ ಇದೆ, ಚಕ್ರದ ಗೂಡಿನ ನಕ್ಷೆಗಳು ಬೇಕು, ಈ ಸಲ ಹೆಸರು ಖಂಡಿತ ಹಾಕುತ್ತೇನೆ ಎಂದ. ಕಾಕಾ ನಗುತ್ತ ಆಗಲಿ ಎಂದರು.

ಆ ಭಾನುವಾರ ನನ್ನನ್ನು ಕರೆದು ಮೇಜಿನ ಮುಂದೆ ಕೂರಿಸಿದರು. ಬಿಳಿಯ ಹಾಳೆ, ಕರಿಯ ಪೆನ್ನು.

"ನಿನ್ನ ಅಕ್ಷರ ದುಂಡಗ, ಚಂದ ಅದಾವ. ಒಂದು ಶಬ್ದ ಬರಿ."

"ಏನ್ ಬರೀಲಿ?"

"ಕಳ್ಳ."

ಬರೆದೆ. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಚಕ್ರದ ಗೂಡಿನ ಗೋಡೆಯ ಮೇಲೆ ಎಣ್ಣೆ ಹರಿಯುವ ಸಣ್ಣ ಕೊಳವೆಗಳು ಬಳುಕಿಕೊಂಡು ಹೋಗುತ್ತವೆ. ನಮ್ಮ ಲಿಪಿಯೂ ಬಳುಕುತ್ತದೆ. ಕಾಕಾ ನನ್ನ 'ಕ'ವನ್ನು ಸುತ್ತಿ ಬಂದ ಕೊಳವೆಯಾಗಿಸಿದರು, ತಲೆಕಟ್ಟು ಅದನ್ನು ಹಿಡಿದಿಡುವ ಕ್ಲಿಪ್ಪಾಯಿತು, 'ಳ'ದ ಒತ್ತಕ್ಷರ ಕೆಳಗೆ ಇಳಿದ ವಾಲ್ವ್. ಕನ್ನಡ ಬಾರದವರಿಗೆ ಅದು ಹೈಡ್ರಾಲಿಕ್ ಪೈಪೇ. ಬಲ್ಲವರಿಗೆ ಅಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ.

ನನಗೆ ಹೆದರಿಕೆಯಾಯಿತು. "ಬೇಡ ಕಾಕಾ. ನಿಮ್ಮ ನಕ್ಷೇಲಿ ನೀವೇ ಸುಳ್ಳು ಬರೀತೀರಾ?"

"ಗೂಡಿನ ಬಗ್ಗೆ ಸುಳ್ಳ ಬರ್ಯಾಕತ್ತೀನಿ, ಹೌದು. ಅವನ ಬಗ್ಗೆ ಖರೇನ ಬರ್ಯಾಕತ್ತೀನಿ." ಪೆನ್ಸಿಲ್ ಕೆಳಗಿಟ್ಟರು. "ಒಂದ ದಿನ ಅಲ್ಲಿ ಹೋಗಿ ವಿಮಾನದ ಕೆಳಗ ಮಲಗಿ ನೋಡಿದ್ನಂದ್ರ ಸಾಕು, ಉಳಕೋತಾನ. ಒಂದ ದಿನ. ಅಷ್ಟ ಕೇಳಾಕತ್ತೀನಿ ನಾ."

ಅವನು ನಕ್ಷೆ ಒಯ್ದ, ನೋಡಲು ಹೋಗಲಿಲ್ಲ. ಎರಡನೆಯ ಡಬ್ಬಿ ಬಂತು, ಮತ್ತೆ ಅವನದೊಂದೇ ಹೆಸರು ಹೊತ್ತು. ಕಾಕಾ ಬಿಡಿಭಾಗವನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ ನನ್ನ ಕೈಗೆ ಕೊಟ್ಟರು. ಅಕ್ಕಿಕಾಳಿನಷ್ಟು ಗಾತ್ರದಲ್ಲಿ, ನಾನು ಬರೆದಂತೆಯೇ, ಕಳ್ಳ. ಕಾಕಾ ನಗಲಿಲ್ಲ. ಒಳಗೆ ತಿರುಗಿ, "ಇವತ್ತ ಒಂದೀಟು ಶಿರಾ ಮಾಡ" ಎಂದು ಕಾಕುಗೆ ಹೇಳಿದರು.

ಕ್ಲಬ್ಬಿನ ವಾರ್ಷಿಕ ಪ್ರದರ್ಶನಕ್ಕೆ ನನ್ನನ್ನೂ ಕರೆದೊಯ್ದರು. ಮಧ್ಯಾಹ್ನ ಸೆಕ್ರೆಟರಿಯ ಉಪನ್ಯಾಸ. ಪರದೆಯ ಮೇಲೆ ಚಕ್ರದ ಗೂಡು ಮಂಚದಗಲಕ್ಕೆ ಮೂಡಿತು, ಅದರ ನಡುವೆ ನನ್ನ ಕೈಬರಹ. ಪ್ರಶ್ನೆಗಳ ಹೊತ್ತಿನಲ್ಲಿ ಕಾಕಾ ಕೈ ಎತ್ತಿದರು.

"ಆ ಬಲಗಡೆಯ ಪೈಪ್ ಯಾವುದು?" ಎಂದು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು.

"ಹೈಡ್ರಾಲಿಕ್ ಎಣ್ಣೆ ವಾಪಸು ಹೋಗುವ ಪೈಪ್," ಎಂದ ಸೆಕ್ರೆಟರಿ.

"ನೀವು ಕಣ್ಣಾರೆ ನೋಡಿದ್ದೀರಾ?"

"ಒಂದು ಇಡೀ ಚಳಿಗಾಲ ಅದರ ಕೆಳಗೆ ಮಲಗಿದ್ದೇನೆ ಗೆಳೆಯಾ."

ತಪ್ಪಿಸಿಕೊಳ್ಳಲು ಅವರು ಕೊಟ್ಟ ಕೊನೆಯ ಬಾಗಿಲು ಅದು ಎಂದು ನನಗೆ ಆಮೇಲೆ ಹೊಳೆಯಿತು. ಅವನು ಅದನ್ನೂ ತಾನೇ ಮುಚ್ಚಿಕೊಂಡ. ಕಾಕಾ ನನ್ನ ಕಡೆ ತಿರುಗಿ, "ಎದ್ದು ಓದವಾ" ಎಂದರು.

ಎದ್ದು ನಿಂತು, ಅದು ಪೈಪಲ್ಲ, ಕನ್ನಡ ಅಕ್ಷರ, ನಮ್ಮ ಭಾಷೆಯಲ್ಲಿ ಅದರ ಅರ್ಥ ಕಳ್ಳ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ಸೆಕ್ರೆಟರಿ ನಗಲು ಶುರುಮಾಡಿದ. ಮುಂದಿನ ಸಾಲಿನ ಒಬ್ಬಾಕೆ ಫೋನ್ ತೆಗೆದು ಅನುವಾದದ ಆ್ಯಪ್ ತೆರೆದು ಪರದೆಗೆ ಹಿಡಿದಳು. ಮೊದಲ ಸಲ ಏನೂ ಬರಲಿಲ್ಲ. ಸ್ವಲ್ಪ ಹಿಂದೆ ಸರಿದು ಮತ್ತೆ ಹಿಡಿದಳು. ಓದಿ, ಪಕ್ಕದವನಿಗೆ ತೋರಿಸಿದಳು. ಅವನು ಹಿಂದಿನವನಿಗೆ ಕೊಟ್ಟ. ಫೋನು ಸಾಲಿನಿಂದ ಸಾಲಿಗೆ ಹೋಗುತ್ತಿದ್ದರೆ ನಗು ಒಂದೊಂದೇ ಮುಖದಿಂದ ಆರುತ್ತ ಬಂತು. ಅಷ್ಟರಲ್ಲಿ ಕಾಕಾ ನಿಜವಾದ ಗೂಡಿನ ಫೋಟೋಗಳನ್ನೂ ಏಳು ನೋಟುಬುಕ್ಕುಗಳನ್ನೂ ಮೇಜಿನ ಮೇಲೆ ಹರಡಿದ್ದರು. ಫೋಟೋದಲ್ಲಿ ಆ ಜಾಗದಲ್ಲಿ ಬರಿಯ ತಗಡು ಇತ್ತು.

"ನಾನು ಟೇಪ್ ಹಿಡಿದವನು," ಎಂದರು ಕಾಕಾ. ಅಷ್ಟೇ.

ಸೆಕ್ರೆಟರಿ ಪರದೆಯನ್ನೇ ನೋಡುತ್ತ ನಿಂತಿದ್ದ. ಅವನ ಕಿವಿಗಳು ಕೆಂಪಗಾಗಿದ್ದವು. ನನಗೆ ಅಯ್ಯೋ ಅನ್ನಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿರಲಿ ಅನ್ನಿಸಿತು. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಿಲ್ಲ.

ಅವನು ಹುದ್ದೆ ಬಿಟ್ಟ. ಡಬ್ಬಿಗಳು ಅಂಗಡಿಯಿಂದ ಮರೆಯಾದವು. ಕ್ಲಬ್ಬಿನವರು ಕಾಕಾನನ್ನೇ ಸೆಕ್ರೆಟರಿ ಆಗೆಂದರು. ಅವರು ಒಲ್ಲೆ ಎಂದರು. ಆದರೆ ಡಬ್ಬಿ ಕೊಂಡವರ ಪತ್ರಗಳು ಬರತೊಡಗಿದಾಗ ಅವರು ಕಂಗೆಟ್ಟದ್ದನ್ನು ಮೊದಲ ಬಾರಿ ಕಂಡೆ. ಪೋಲೆಂಡಿನ ಒಬ್ಬ ಮುದುಕ, ಆರು ತಿಂಗಳು ಕೂತು ಕಟ್ಟಿದ ತನ್ನ ವಿಮಾನದ ಹೊಟ್ಟೆಯಲ್ಲಿ ಬೈಗುಳ ಇದೆಯಂತೆ, ಏನು ಮಾಡಲಿ ಎಂದು ಕೇಳಿದ್ದ. ಕಾಕಾ ಆ ಪತ್ರವನ್ನು ಮೂರು ಸಲ ಓದಿಸಿಕೊಂಡರು.

"ಈ ಮನಶ್ಯಾ ನಂಗೇನ ಮಾಡಿದ್ದ?"

ಆಮೇಲೆ ಆರಂಭವಾಯಿತು ಅವರ ಕೊನೆಯ ದೊಡ್ಡ ಕೆಲಸ. ಹೊಸ ಗೋಡೆಯ ತುಣುಕು, ಸೀಸದ ತೆಳುತಂತಿ ಬಾಗಿಸಿ ಮಾಡಿದ ಸರಿಯಾದ ಕೊಳವೆಗಳು, ಹೇಗೆ ಕತ್ತರಿಸಿ ಕೂರಿಸಬೇಕೆಂಬ ಚಿತ್ರ. ಕೇಳಿದವರಿಗೆಲ್ಲ ಒಂದೊಂದನ್ನು ಕೈಯಾರೆ ಮಾಡಿ ಅಂಚೆಗೆ ಹಾಕಿದರು. ವಿಳಾಸ ಬರೆಯುವ ಕೆಲಸ ನನ್ನದು. ಇಂಗ್ಲಿಷ್ ಅಕ್ಷರದಲ್ಲೇ ಬರಿ, ಎಂದು ಕಾಕು ರೇಗಿಸುತ್ತಿದ್ದರು.

ಒಂದು ಸಂಜೆ ಸೆಕ್ರೆಟರಿಯಾಗಿದ್ದವನು ಮನೆಗೆ ಬಂದ. ನಾನಲ್ಲೇ ಇದ್ದೆ. ಕಾಕು ಒಳಗೆ ಕರೆದು ಚಹಾ ಕೊಟ್ಟರು, ತಟ್ಟೆಯಲ್ಲಿ ಚಕ್ಕುಲಿ ಇಟ್ಟರು. ಅವನು ಕಪ್ಪನ್ನು ಕೆಳಗಿಟ್ಟು, ತಪ್ಪಾಯಿತು, ಕ್ಷಮಿಸಬೇಕು ಎಂದ. ದನಿ ನಿಜವಾಗಿಯೂ ಒಡೆದಿತ್ತು. ಕಾಕಾ ಇಂಗ್ಲಿಷಿನಲ್ಲೇ ಹೇಳಿದರು: "ಮನೆಗೆ ಬಂದೆ, ಚಹಾ ಕೊಟ್ಟಿದ್ದೇವೆ. ಇನ್ನೂ ಬೇಕಾದರೆ ಕುಡಿ. ನೀನು ಕೇಳಿದ್ದು ಮಾತ್ರ ನನ್ನಲ್ಲಿ ಇಲ್ಲ."

ಅವನು ಹೋದ ಮೇಲೆ ಕಾಕು ಬೈದರು. "ಹಿರೇ ಮನಶ್ಯಾ ಕಣ್ಣಾಗ ನೀರ ತಂದ. ಆ ಸಿಟ್ಟ ಎಷ್ಟ ದಿನಾ ಹೊತಗೊಂಡ ತಿರಗತೀರಿ?"

"ಹೊರ್ಯಾಕ ಭಾರ ಇಲ್ಲ ಅದು," ಎಂದರು ಕಾಕಾ, ಕೂಡಲೇ. ಆಮೇಲೆ ಉಳಿದ ಚಕ್ಕುಲಿಯ ತಟ್ಟೆ ನೋಡಿ, "ಅವಂಗ ಚಕ್ಕಲಿ ಕಟ್ಟಿ ಕೊಡಬೇಕಾಗಿತ್ತು ನೀ."

ಈ ವರ್ಷದ ಆರಂಭದಲ್ಲಿ ಅವರ ಎದೆ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಕೊನೆಗೆ ಮಾತು ಕಡಿಮೆಯಾಗಿತ್ತು. ನಾನು ಹೋದಾಗಲೆಲ್ಲ ನನ್ನ ಆಫೀಸಿನ ಸುದ್ದಿ ಕೇಳುತ್ತಿದ್ದರು. ಅಕ್ಸ್‌ಬ್ರಿಡ್ಜ್‌ನ ನನ್ನ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಕೆಲಸ. ನಾನು ಹುಡುಕಿದ್ದನ್ನು ಮೀಟಿಂಗಿನಲ್ಲಿ ತನ್ನದೆಂಬಂತೆ ಹೇಳುವ ಒಬ್ಬ ಮ್ಯಾನೇಜರ್ ಇದ್ದ. ವರ್ಷಗಟ್ಟಲೆ ಸುಮ್ಮನಿದ್ದವಳು ಆ ವಾರ, ಎಲ್ಲರ ಮುಂದೆ, "ಅದನ್ನು ಕಂಡುಹಿಡಿದದ್ದು ನಾನು" ಎಂದಿದ್ದೆ. ಅದನ್ನು ಹೇಳಿದಾಗ ಕಾಕಾ ಕಣ್ಣು ಮುಚ್ಚಿಕೊಂಡೇ, "ಜೋರಾಗಿ ಅಂದ್ಯಾ?" ಎಂದರು. ಹೌದೆಂದೆ. "ಹಂ" ಎಂದರು. ಎರಡು ದಿನಕ್ಕೆ ಹೋಗಿಬಿಟ್ಟರು.

ಕಾರ್ಯಗಳೆಲ್ಲ ಮುಗಿದ ಮೇಲೆ ಆ ಮಾಜಿ ಸೆಕ್ರೆಟರಿಯಿಂದ ನನಗೊಂದು ಮೇಲ್ ಬಂತು. ಕ್ಲಬ್ಬಿನ ಪತ್ರಿಕೆಗೆ ಅವರ ಬಗ್ಗೆ ಎರಡು ಪುಟ ಬರೆಯಬೇಕೆಂದಿದ್ದೇನೆ, ನನಗೆ ಅದು ಪ್ರಾಯಶ್ಚಿತ್ತ, ಅವರ ಊರು, ಬಾಲ್ಯ, ಕೆಲಸ, ಒಂದೆರಡು ಘಟನೆಗಳ ವಿವರವನ್ನು ನೀವು ಬರೆದು ಕಳಿಸಿದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ, ಎಂದಿತ್ತು ಅದರಲ್ಲಿ. ಕಾಕುಗೆ ಓದಿ ಹೇಳಿದೆ. ಅವರು ಕಣ್ಣೊರೆಸಿಕೊಂಡು, "ಬರೀಲಿ ಬಿಡವಾ, ಪಾಪ" ಎಂದರು.

ಕಾಕು ದೊಡ್ಡವರು. ಬಿಡಬಲ್ಲರು. ನಾನು ಗೋಡೆಯ ಈಚೆ ಬದಿಯವಳು, ಕಾಕಾನ ಕೈಯಲ್ಲಿ ಕಲಿತವಳು. ವಿವರ ಕಳಿಸುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬರೆದೆ. ಆಮೇಲೆ ಕೂತು ಇಷ್ಟನ್ನೂ ನಾನೇ ಬರೆದಿದ್ದೇನೆ, ನನ್ನ ಹೆಸರಿನಲ್ಲಿ.