ಸೆರಗಿನ ಮೇಲೆ ಜೋತುಬಿದ್ದ ಎಡತುದಿ

ಗುರುದೇವಿಯ ಎಡಗಿವಿ ಎಂಟನೆಯ ವಯಸ್ಸಿನಲ್ಲೇ ಸೋರಿ ಸೋರಿ ಹೋಗಿತ್ತು. ಮೊದಲು ರೇಡಿಯೋ ಮಂಕಾಯಿತು, ಆಮೇಲೆ ಮಂದಿಯ ಮಾತು. ಉಳಿದ ಬಲಗಿವಿಯೊಂದರ ಮೇಲೆ ಅವಳು ಹನ್ನೊಂದು ವರ್ಷದಿಂದ ನೌಕರಿ ಮಾಡುತ್ತಿದ್ದಳು. ಕನ್ನಡದಲ್ಲಿ ಬರುವ ಗ್ರಾಹಕರ ದೂರಿನ ಕರೆಗಳ ರೆಕಾರ್ಡಿಂಗ್ ಕೇಳಿ, ಒಂದು ಮಾತೂ ಬಿಡದೆ ಬರೆದು ಹಿಮಾಯತ್‌ನಗರದ ಕಚೇರಿಗೆ ಕಳಿಸುವ ಕೆಲಸ. ಕಾಚಿಗೂಡದ ಮನೆಯ ಊಟದ ಮೇಜೇ ಅವಳ ಕಚೇರಿ. ಬೀದರ ಕಡೆಯ ಮುದುಕಿಯರ ಮಾತು ಬೇರೆಯವರಿಗೆ ತಿಳಿಯದಿದ್ದರೆ ಆ ಫೈಲು ಇವಳಿಗೇ ಬರುತ್ತಿತ್ತು.

ಇಯರ್‌ಫೋನಿನ ಬಲತುದಿ ಕಿವಿಯಲ್ಲಿ, ಎಡತುದಿ ಸೆರಗಿನ ಮೇಲೆ. ಹನ್ನೊಂದು ವರ್ಷವೂ ಅದು ಅಲ್ಲಿಯೇ ಜೋತುಬಿದ್ದಿತ್ತು.

ಸೋಮವಾರ ಕಚೇರಿಯವರು ಫೈಲು ಕೇಳಲು ಕೊಟ್ಟಿದ್ದ ಹಳೆಯ ಫೋನು ವಾಪಸು ಪಡೆದು ಹೊಸದು ಕೊಟ್ಟರು. ಅದರಲ್ಲಿ ಇಯರ್‌ಫೋನ್ ಚುಚ್ಚುವ ತೂತೇ ಇರಲಿಲ್ಲ. ಬದಲಿಗೆ ಬೆರಳುದ್ದದ ಅಡಾಪ್ಟರ್ ಒಂದಿತ್ತು. ಅದರ ಒಂದು ತುದಿಯನ್ನು ಚಾರ್ಜರ್ ಜಾಗಕ್ಕೆ ಚುಚ್ಚಬೇಕು, ಇನ್ನೊಂದು ತುದಿಗೆ ಇಯರ್‌ಫೋನ್ ಹಾಕಬೇಕು. ಕಚೇರಿಯ ವಸ್ತು ಮುರಿದೀತೆಂದು ಗುರುದೇವಿ ಹಗುರವಾಗಿ ಹಾಕಿದಳು.

ವಾಲ್ಯೂಮ್ ಪೂರ್ತಿ ಏರಿಸಿದರೂ ದನಿ ಬಾವಿಯ ತಳದಿಂದ ಬಂದಂತೆ ಬಂತು. ದನಿಯಿತ್ತು, ಮಾತು ತಿಳಿಯಲಿಲ್ಲ. ಸ್ಪೀಕರ್ ಹಾಕಿ ಕೇಳಬಾರದೆಂದು ಕಚೇರಿಯ ನಿಯಮ. ಅವಳು ನಿಯಮ ಮುರಿಯುವವಳಲ್ಲ.

ಬಲಗಿವಿಯ ಸರದಿ ಬಂತು ಅಂದುಕೊಂಡಳು. ಮನೆಯವರ ಮಾತು ಇನ್ನೂ ಕೇಳುತ್ತಿತ್ತು. ಎಡಗಿವಿಯೂ ಹೀಗೆಯೇ ಶುರುಮಾಡಿತ್ತಲ್ಲ.

ಯಾರಿಗೂ ಹೇಳಲಿಲ್ಲ. ಅಳುವೂ ಬರಲಿಲ್ಲ. ರೊಟ್ಟಿ ಬಡಿದಳು, ಬಟ್ಟೆ ಒಣಹಾಕಿದಳು, ಕೂತು ಫೈಲು ಕೇಳಿದಳು. ತಿಳಿಯದ ಕಡೆ ‘ಕೇಳಿಸಲಿಲ್ಲ’ ಎಂದು ಬರೆದು ಮುಂದೆ ಹೋದಳು. ಹನ್ನೊಂದು ವರ್ಷದಲ್ಲಿ ಆ ಪದವನ್ನು ನಾಲ್ಕೈದು ಸಲ ಬರೆದಿದ್ದಳೋ ಏನೋ. ಈಗ ಮೂರು ದಿನದಲ್ಲಿ ಪುಟಪುಟಕ್ಕೂ ಅದೇ.

ಗುರುವಾರ ಕಚೇರಿಯ ಮೇಲ್ವಿಚಾರಕಿ ದೀಪ್ತಿಯ ಸಂದೇಶ ಬಂತು: “ಗುರುದೇವಿಯವರೇ, ‘ಕೇಳಿಸಲಿಲ್ಲ’ ಅಂತ ತುಂಬಾ ಕಡೆ ಬರ್ತಿದೆ. ಹುಷಾರಾಗಿದ್ದೀರಾ?”

ಫೈಲು ಓಡುತ್ತಿರುವಾಗಲೇ ಗುರುದೇವಿ ತನ್ನ ಸ್ವಂತ ಫೋನಿನಲ್ಲಿ ಉತ್ತರ ಬರೆಯತೊಡಗಿದಳು: ‘ನನ್ನ ಬಲಗಿವಿಯೂ ಹೋಯಿತು ಅನ್ನಿಸುತ್ತೆ ಮೇಡಂ. ನಾಳೆಯಿಂದ ನನ್ನ ಕೆಲಸ ಬೇರೆಯವರಿಗೆ ಕೊಡಿ.’

ಎಡಕ್ಕೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಜಯಮ್ಮ ಕತ್ತೆತ್ತಿದರು.

“ಯಾರ್ ಬೇ ಆಕಿ, ನಿನ್ನ ಸೆರಗಿನ್ಯಾಗ ಕುಂತು ಒದರಾಕತ್ತಾಳ?”

“ಯಾರೂ ಇಲ್ರಿ ಅತ್ತಿ.”

“ಇಲ್ಲೇನು! ಗ್ಯಾಸ್ ಸಿಲಿಂಡರ್ ಬಂದಿಲ್ಲ ಅಂತ ಬೈಯಾಕತ್ತಾಳ. ನಮ್ಮ ಹುಮನಾಬಾದ ಕಡೆ ಮಾತು. ಎಪ್ಪತ್ತೆರಡರ ಮುದುಕಿ ನಾ, ನನಗ ಕೇಳತೈತಿ. ನಿನಗೇನಾಗೇತಿ ಧಾಡಿ?”

ಜಯಮ್ಮ ಸೊಪ್ಪಿನ ಕೈಯಲ್ಲೇ ಎಡತುದಿಯನ್ನೆತ್ತಿ ತಮ್ಮ ಕಿವಿಗೆ ಹಿಡಿದರು. “ಭಾಳ ಸ್ವಚ್ಛ ಐತಿ. ಗಂಡನ್ನೂ ಸೇರಿಸೇ ಬೈಯಾಕತ್ತಾಳ ನೋಡು.”

ಗುರುದೇವಿ ಅದನ್ನು ತೆಗೆದುಕೊಂಡು ಬಲಗಿವಿಗೆ ಇಟ್ಟಳು. ಹೆಂಗಸೊಬ್ಬಳ ಕೋಪ ಇಡಿಯಾಗಿ ಒಳಗೆ ಬಂತು, ಉಸಿರು ಸಮೇತ.

ಅಡಾಪ್ಟರಿನತ್ತ ನೋಡಿದಳು. ಇಯರ್‌ಫೋನಿನ ಕಡ್ಡಿ ಉಗುರಿನಷ್ಟು ಹೊರಗೇ ಉಳಿದಿತ್ತು; ಅದಕ್ಕೇ ದನಿಯೆಲ್ಲ ಎಡತುದಿಗೇ ಹೋಗಿತ್ತು. ಒತ್ತಿದಳು. ಟಕ್ ಎಂದಿತು. ಬಲತುದಿಯನ್ನು ಮತ್ತೆ ಕಿವಿಗಿಟ್ಟಳು, ಈಗ ಅದರಲ್ಲೂ ಮಾತು ಸ್ವಚ್ಛವಾಗಿ ಕೇಳಿತು. ಎಡತುದಿಯನ್ನು ಸೆರಗಿನ ಮೇಲೆ ಬಿಟ್ಟಳು.

ಬರೆದಿದ್ದ ಉತ್ತರವನ್ನು ಒಂದೊಂದೇ ಅಕ್ಷರ ಅಳಿಸಿದಳು. ಆಮೇಲೆ ಸೋಮವಾರದ ಮೊದಲ ಫೈಲು ತೆರೆದು, ‘ಕೇಳಿಸಲಿಲ್ಲ’ ಎಂದಿದ್ದ ಮೊದಲ ಜಾಗದಲ್ಲಿ ಬೆರಳಿಟ್ಟಳು. ಖುಷಿ ಬರಬೇಕಿತ್ತು, ಬರಲಿಲ್ಲ. ಕೈ ಮಾತ್ರ ಬರೆಯುತ್ತಿತ್ತು.

“ಮಾರಿ ಯಾಕ ಹಂಗ ಮಾಡೀದಿ? ಏನಾಗಿತ್ತು ಹೇಳಾ,” ಅಂದರು ಜಯಮ್ಮ.

“ಏನಿಲ್ರಿ ಅತ್ತಿ. ಆಕಿ ಮನ್ಯಾಗ ಸಿಲಿಂಡರ್ ಬಂದಿಲ್ಲಂತ.”