ಲಾಡಿಯ ಗಂಟು

ನಮ್ಮ ಮನೆಯಲ್ಲಿ ಗಂಟು ಬಿದ್ದದ್ದೆಲ್ಲ ನನ್ನ ಮುಂದೆ ಬರುತ್ತದೆ. ಹೂವಿನ ದಾರ, ಸೊಸೆ ಬೇಸತ್ತು ಎಸೆದ ಉಣ್ಣೆಯ ಉಂಡೆ, ಅಂಗಡಿಯವನು ಯಾವುದೋ ಹಳೆಯ ಸೇಡು ತೀರಿಸಿಕೊಳ್ಳುವವನಂತೆ ಬಿಗಿದ ಪೊಟ್ಟಣ, ಎಲ್ಲಕ್ಕೂ ನಾನೇ. ಕತ್ತರಿ ಮುಟ್ಟುವುದಿಲ್ಲ. ಉಗುರು ಎಲ್ಲಿ ತೂರಿಸಬೇಕೆಂದು ನೋಡಿದೊಡನೆ ತಿಳಿಯುತ್ತದೆ. ಇದನ್ನು ಎಲ್ಲಿ ಕಲಿತೆ ಎಂದು ಮೊಮ್ಮಗಳು ಕೇಳಿದರೆ ಒಂದನೇ ಇಯತ್ತೆಯಲ್ಲಿ ಎನ್ನುತ್ತೇನೆ. ಅವಳು ನಗುತ್ತಾಳೆ. ನನಗೆ ಮಾತ್ರ ಪೂರ್ತಿ ನಗು ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿದ ನನಗೆ ಮಲ್ಲಟದ ಕಡೆಯ ಒಂದು ಹಳ್ಳಿಯ ಶಾಲೆ ಸಿಕ್ಕಿತು, ಅದರಲ್ಲೂ ಒಂದನೆಯ ತರಗತಿ. ಶಿಶು ಮನೋವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದೆ. ಶಿಶುಗಳ ಚಡ್ಡಿಗೆ ಲಾಡಿ ಇರುತ್ತದೆಂದು ಮಾತ್ರ ಆ ಪುಸ್ತಕದಲ್ಲಿ ಬರೆದಿರಲಿಲ್ಲ. ಪ್ರಾರ್ಥನೆ ಮುಗಿದು, ಪಾಟಿಯ ಮೇಲೆ ‘ಅ’ ತಿದ್ದಿಸಲು ಶುರುಮಾಡಿದರೆ ಎಲ್ಲೋ ಒಂದು ಕಿರುಬೆರಳು ಏಳುತ್ತಿತ್ತು. ಒಂದು ಎದ್ದರೆ ಸಾಲಿಗೆ ಸಾಲೇ ಏಳುತ್ತಿತ್ತು. ಲಾಡಿ ಬಿಚ್ಚಿಸಿಕೊಳ್ಳಲು ಮಕ್ಕಳೆಲ್ಲ ಬಂದು ನನ್ನೆದುರು ಹೊಟ್ಟೆ ಮುಂದು ಮಾಡಿಕೊಂಡು ನಿಲ್ಲುತ್ತಿದ್ದವು. ಕೆಲವೇ ದಿನಗಳಲ್ಲಿ ಗಂಟು ನೋಡಿ ಕಟ್ಟಿದವರು ಯಾರೆಂದು ಹೇಳುವಷ್ಟು ಪಂಡಿತಳಾದೆ. ತಾಯಿ ಹಾಕಿದ್ದು ಒಂದೆಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಅಕ್ಕ ಹಾಕಿದ್ದರಲ್ಲಿ ತಮ್ಮನ ಮೇಲಿನ ಸಿಟ್ಟೂ ಒಂದೆರಡು ಸುತ್ತು ಸೇರಿರುತ್ತದೆ. ಅಜ್ಜ ಹಾಕಿದ್ದು ಎತ್ತು ಕಟ್ಟುವ ಗಂಟು, ಜಗ್ಗಿದಷ್ಟೂ ಬಿಗಿಯುತ್ತದೆ.

ಮಾನ್ವಿಯಲ್ಲಿ ಬಾಡಿಗೆ ಮನೆ ಮಾಡಿದ್ದೆ. ಮದುವೆಯಾಗದ ಹುಡುಗಿ ಒಬ್ಬಳೇ ಇರಬಾರದೆಂದು ಅಪ್ಪ ನನ್ನ ಅಜ್ಜಿಯನ್ನು ಜೊತೆಗೆ ಕಳಿಸಿದ್ದರು. ನಮ್ಮದು ಮಡಿ ಮೈಲಿಗೆಯ ವೈಷ್ಣವ ಮನೆತನ. ಸಂಜೆ ಬಸ್ಸಿಳಿದು ಬಂದರೆ ಅಜ್ಜಿ ಹೊಸ್ತಿಲಲ್ಲೇ ತಡೆಯುತ್ತಿದ್ದಳು. “ಯಾರ್ಯಾರ ಮಕ್ಕಳನ್ನ ಮುಟ್ಟಿ ಬಂದೀಯೋ ಏನೋ. ಮೊದಲ ಸ್ನಾನ, ಆಮ್ಯಾಲ ಮಾತು.” ಸ್ನಾನಕ್ಕೆ ತಣ್ಣೀರು. ರಾಯಚೂರು ಸೀಮೆಯಲ್ಲಿ ಎಂಥ ಚಳಿ ಎಂದು ನಗಬೇಡಿ. ಪುಷ್ಯಮಾಸದ ಸಂಜೆ ಒಂದು ಕೊಡ ಬೆನ್ನಿಗೆ ಸುರಿದುಕೊಂಡು, ಆಮೇಲೆ ಬೇಕಾದರೆ ನಗಿ.

ಯಾರನ್ನೂ ಮುಟ್ಟಿಲ್ಲವೆಂದರೆ ಕೈಕಾಲು ತೊಳೆದರೆ ಸಾಕೆಂಬ ರಿಯಾಯಿತಿ ಇತ್ತು. ಸುಳ್ಳು ಹೇಳಲು ಧೈರ್ಯವಿಲ್ಲ, ಮೀಯಲು ಮನಸ್ಸಿಲ್ಲ. ಹಾಗಾಗಿ ಮುಟ್ಟುವುದನ್ನೇ ಬಿಟ್ಟೆ. ‘ಅ’ ಬರೆಯಲೂ ಬಾರದ ಆ ಮಕ್ಕಳಿಗೆ ಸ್ವಾವಲಂಬನೆಯ ಮೇಲೆ ಒಂದು ಗಂಭೀರ ಭಾಷಣ ಮಾಡಿ, ಇನ್ನು ಮೇಲೆ ಅವರವರ ಲಾಡಿ ಅವರವರೇ ಬಿಚ್ಚಿಕೊಳ್ಳಬೇಕು ಎಂದೆ. ಜೊತೆಯ ಮಾಸ್ತರು ಕಾರಣ ಕೇಳಿದಾಗ ತಮಾಷೆಯಾಗಿಯೇ ಹೇಳಿದೆ: “ಒಂದು ಗಂಟಿಗೆ ಒಂದು ತಣ್ಣೀರ ಸ್ನಾನ ಬೀಳ್ತದ್ರೀ ಸರ್.” ಇಬ್ಬರೂ ನಕ್ಕೆವು. ಬಾಗಿಲಲ್ಲಿ ಮಕ್ಕಳು ನಿಂತಿದ್ದವು. ಅವಕ್ಕೇನು ತಿಳಿಯುತ್ತದೆ ಎಂದುಕೊಂಡೆ, ಶಿಶು ಮನೋವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದವಳು.

ಊರ ಹೊರಗಿನ ಕೇರಿಯಿಂದ ದುರುಗಪ್ಪ ಎಂಬ ಹುಡುಗ ಬರುತ್ತಿದ್ದ. ಕೂಲಿ ಮಾಡುವವರ ಮಗ. ಆ ಮನೆಯಿಂದ ಶಾಲೆಯ ಮೆಟ್ಟಿಲು ಹತ್ತಿದವನು ಅವನೇ ಮೊದಲು. ಒಂದು ಬೆಳಿಗ್ಗೆ ಅವನು ಕಿರುಬೆರಳೆತ್ತಿಕೊಂಡು ಬಂದು ನನ್ನಿಂದ ಮಾರು ದೂರದಲ್ಲಿ ನಿಂತ. ಲಾಡಿಗೆ ಅಜ್ಜನ ಗಂಟು. ನೀನೇ ಬಿಚ್ಚಿಕೋ ಎಂದು ಹೇಳಿ ನಾನು ಹಾಜರಿ ಬರೆಯುತ್ತ ಕುಳಿತೆ. ಅವನು ಜಗ್ಗಿದ, ಮತ್ತೆ ಜಗ್ಗಿದ, ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತ. ನಾನು ತಲೆಯೆತ್ತುವಷ್ಟರಲ್ಲಿ ನೆಲ ಒದ್ದೆಯಾಗಿತ್ತು. ಮಕ್ಕಳೆಲ್ಲ ಹೋ ಎಂದು ನಕ್ಕವು. ಅವನು ಅಳಲಿಲ್ಲ. ಪಾಟಿ ಎತ್ತಿಕೊಂಡು ಹೊರಟುಹೋದ.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ನನ್ನಿಂದಾಗಿ ಒಂದು ಮಗುವಿನ ಓದು ನಿಂತಿತಲ್ಲ ಎಂದು ಹಾಜರಿಯಲ್ಲಿ ಅವನ ಹೆಸರನ್ನು ಎರಡೆರಡು ಸಲ ಕೂಗುತ್ತಿದ್ದೆ. ಅವರವ್ವ ಬಂದು ಜಗಳ ತೆಗೆದರೆ ಎಂಬ ಭಯ ಬೇರೆ. ಕೊನೆಗೆ ಅವಳು ಮಗನ ಕೈ ಹಿಡಿದುಕೊಂಡು ಬಂದೇಬಿಟ್ಟಳು.

“ತಪ್ಪಾತ್ರೀ ಅಕ್ಕೋರೇ,” ಎಂದಳು. ನಾನು ಆಡಬೇಕಾದ ಮಾತು ಅದು. “ಅಕ್ಕೋರನ್ನ ಮುಟ್ಟಬ್ಯಾಡಲೇ, ಪಾಪ ಥಂಡ್ಯಾಗ ಜಳಕ ಮಾಡಬೇಕಾಗತದ ಅಂತ ನಾನೇ ಹೇಳಿದ್ದೆ. ಇನ್ನ ಚಿಂತಿ ಇಲ್ರೀ, ಲಾಡಿ ತಗದು ಪಿನ್ನು ಹಚ್ಚೀನಿ. ಸಾಲಿ ಮಾತ್ರ ಬಿಡಿಸಬ್ಯಾಡ್ರೀ.”

ಪಿನ್ನು ಅವಳ ಕುಪ್ಪಸದ್ದು. ಅದಿಲ್ಲದೆ ಸೆರಗನ್ನು ಬಿಗಿಯಾಗಿ ಹೊದ್ದು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ದನಿಯಲ್ಲಿ ಒಂದಿಷ್ಟು ಕುಹಕವಿದ್ದಿದ್ದರೂ ನಾನು ಬಚಾವಾಗುತ್ತಿದ್ದೆ. ಇರಲಿಲ್ಲ. ನನಗೆ ಚಳಿಯಾಗದಿರಲೆಂದು ಅವಳು ನಿಜವಾಗಿಯೂ ಯೋಚಿಸಿದ್ದಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ನನ್ನ ಬುತ್ತಿ ಚೀಲದ ದಾರ ಎಳೆದು ತೆಗೆದೆ. ಆ ಪಿನ್ನಿಗೇ ಅದನ್ನು ಸಿಕ್ಕಿಸಿ, ಚಡ್ಡಿಯ ಪಟ್ಟಿಯೊಳಗೆ ತೂರಿಸಿ, ಸಡಿಲವಾದ ಗಂಟು ಹಾಕಿದೆ. ಪಿನ್ನು ಅವಳಿಗೆ ಕೊಟ್ಟೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲು ಆಗಲೂ ಆಗಲಿಲ್ಲ.

ಆ ಸಂಜೆ ಅಜ್ಜಿಗೆ ಎದುರು ನಿಂತೆ ಎಂದು ಬರೆಯಲು ಆಸೆಯೇನೋ ಇದೆ. ನಿಲ್ಲಲಿಲ್ಲ. ಅವಳು ಇರುವವರೆಗೂ, ಅವಳು ಕೇಳುವ ಮೊದಲೇ, ದಿನವೂ ತಣ್ಣೀರು ಸುರಿದುಕೊಂಡೆ. ಹೇಗೂ ಮೀಯಲೇಬೇಕೆಂದ ಮೇಲೆ ಯಾವ ಗಂಟನ್ನೂ ಬಿಡಬೇಕಾಗಿರಲಿಲ್ಲ. ನಾನು ಮಾಡಿದ ಕ್ರಾಂತಿ ಇಷ್ಟೇ.

ದುರುಗಪ್ಪ ಶಾಲೆಗೆ ಬಂದ. ಆದರೆ ಕಿರುಬೆರಳು ಎತ್ತುತ್ತಿರಲಿಲ್ಲ. ಒಂದು ದಿನ ಅವನು ಕಾಲು ಬದಲಿಸುತ್ತ ಕುಳಿತದ್ದನ್ನು ಕಂಡು ನಾನೇ ಹತ್ತಿರ ಹೋಗಿ ಲಾಡಿಗೆ ಕೈ ಹಾಕಿದೆ. ಅವನು ಹಿಂದೆ ಸರಿದ.

“ಬ್ಯಾಡ್ರೀ ಅಕ್ಕೋರೇ. ಇವತ್ತ ಭಾಳ ಥಂಡಿ ಅದ. ನಾ ತಡಕೊಂತೀನಿ.”

ಈಗಿನ ಚಡ್ಡಿಗಳಿಗೆಲ್ಲ ಇಲಾಸ್ಟಿಕ್ ಬಂದು ನನ್ನ ಪಾಂಡಿತ್ಯಕ್ಕೆ ಬೆಲೆಯಿಲ್ಲದಂತಾಗಿದೆ. ಆದರೂ ಯಾರಾದರೂ ಗಂಟು ಹಿಡಿದು ಬಂದರೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಮೊದಲು ಅದನ್ನು ಬಿಚ್ಚುತ್ತೇನೆ. “ಅವಸರೇನಿಲ್ಲ ಅಜ್ಜಿ, ನಾ ನಿಂದರ್ತೀನಿ,” ಎನ್ನುತ್ತಾಳೆ ಮೊಮ್ಮಗಳು. ಅವಳಿಗೇನು ಗೊತ್ತು. ತಡೆದುಕೊಂಡು ನಿಂತವರೂ ಹಾಗೆಯೇ ಹೇಳುತ್ತಾರೆ.