ಹಳದಿ ಜ್ವರದ ಡಾಕ್ಟರಿಗಾಗಿ ಲೊಂಬಾರ್ಡಿನಲ್ಲಿ ಒಂದು ಸ್ನಾನ

ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ನಮ್ಮೂರ ಡಾಕ್ಟರುಗಳ ಕೆಟ್ಟ ಕೈಬರಹದಿಂದ ಬಂದದ್ದು. ತುಮಕೂರಿನಲ್ಲಿ ನಮ್ಮಪ್ಪನದು ಮೆಡಿಕಲ್ ಶಾಪು. ಬಿ.ಎಸ್ಸಿ. ಮುಗಿಸಿ ಮದುವೆಯಾಗುವವರೆಗೂ ನಾನು ಅಲ್ಲಿನ ಕೌಂಟರಿನಲ್ಲಿ ನಿಂತು ಔಷಧಿ ಚೀಟಿಗಳನ್ನು ಓದಿದವಳು. ಒಬ್ಬ ಹಿರಿಯ ಡಾಕ್ಟರು ಬರೆದದ್ದನ್ನು ಅವರ ಕಾಂಪೌಂಡರನೇ ನನ್ನ ಹತ್ತಿರ ತಂದು, "ಸ್ವಲ್ಪ ನೋಡಮ್ಮ, ಸಾಹೇಬ್ರು ಏನ್ ಬರ್ದಿದಾರೆ" ಎಂದು ಕೇಳುತ್ತಿದ್ದ. ಈ ವಿದ್ಯೆ ಮುಂದೆ ಅನ್ನ ಹಾಕುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ.

ಶಿಕಾಗೋ ಪಕ್ಕದ ಲೊಂಬಾರ್ಡಿನ ಅಪಾರ್ಟ್‌ಮೆಂಟಿಗೆ ನಾನು ಬಂದದ್ದು ನಮ್ಮನೆಯವರ ವೀಸಾದ ಬಾಲ ಹಿಡಿದುಕೊಂಡು. ಆ ವೀಸಾದಲ್ಲಿ ಹೆಂಡತಿಯಾದವಳು ಉಸಿರಾಡಬಹುದು, ಅಡುಗೆ ಮಾಡಬಹುದು, ಕೆಲಸಕ್ಕೆ ಮಾತ್ರ ಸೇರುವಂತಿಲ್ಲ. ನಾಲ್ಕು ವರ್ಷ ಗೋಡೆ ನೋಡಿ ನೋಡಿ ನನಗೆ ಗೋಡೆಯ ಮೇಲೂ ಸಿಟ್ಟು ಬರತೊಡಗಿತ್ತು. ಕೊನೆಗೆ ಶಿಕಾಗೋದ ಒಂದು ವೈದ್ಯಕೀಯ ಲೈಬ್ರರಿಯಲ್ಲಿ, ಹಳೆಯ ಕಾಗದಪತ್ರಗಳನ್ನು ಕಾಪಾಡುವ ವಿಭಾಗಕ್ಕೆ, ಬಿಟ್ಟಿ ಸೇವೆಗೆ ಹೋದೆ. ವಾರಕ್ಕೆರಡು ದಿನ, ಮಂಗಳವಾರ ಮತ್ತು ಗುರುವಾರ.

ಆ ವಿಭಾಗದ ಮುಖ್ಯಸ್ಥೆ ಅರವತ್ತು ದಾಟಿದ, ನಗು ಕಡಿಮೆಯ ಹೆಂಗಸು. ನಾನು ಮೇಡಂ ಎನ್ನುತ್ತಿದ್ದೆ. ಎರಡನೆಯ ದಿನ ಅಲ್ಲಿನ ಹುಡುಗಿಯರು ಒಂದು ಹಳೆಯ ಕಾಗದದ ಸುತ್ತ ಭೂತಗನ್ನಡಿ ಹಿಡಿದು ನಿಂತಿದ್ದರು. ಅರ್ಧ ಗಂಟೆಯಿಂದ ಒಂದು ಸಾಲು ಬಿಡಿಸಲಾಗಿಲ್ಲವಂತೆ. ನಾನು ಹಿಂದಿನಿಂದ ಇಣುಕಿ, "ಕ್ವಿನೈನ್, ಊಟವಾದ ಮೇಲೆ, ಎರಡು ಸಲ" ಎಂದೆ. ಮೇಡಂ ಒಂದು ಪೆಟ್ಟಿಗೆಯನ್ನೇ ತಂದು ನನ್ನ ಮುಂದಿಟ್ಟರು.

ಸುಮಾರು ಎಪ್ಪತ್ತೈದು ವರ್ಷದ ಹಿಂದೆ ಮಿಶಿಗನ್ನಿನ ಒಬ್ಬ ಎಳೆಯ ಡಾಕ್ಟರು ಹಳದಿ ಜ್ವರದ ಬೇರು ಹುಡುಕಲು ಪಶ್ಚಿಮ ಆಫ್ರಿಕಾಕ್ಕೆ ಹೋಗಿದ್ದರು. ಸೊಳ್ಳೆ ಕಚ್ಚಿ ಬರುವ ಜ್ವರ ಅದು. ಕಣ್ಣು, ಮೈ ಹಳದಿಯಾಗಿ, ಕಪ್ಪಗೆ ವಾಂತಿಯಾಗಿ ಒಂದೇ ವಾರದಲ್ಲಿ ಪ್ರಾಣ ತೆಗೆಯುತ್ತಿತ್ತು. ಅಲ್ಲಿಂದ ಅವರು ತಾಯಿಗೆ ಬರೆದ ಕಾಗದಗಳು ಆ ಪೆಟ್ಟಿಗೆಯಲ್ಲಿದ್ದವು. "ಇದನ್ನು ಪೂರ್ತಿ ಓದಿ ಟೈಪ್ ಮಾಡಿಕೊಡು. ಚೆನ್ನಾಗಿ ಮುಗಿಸಿದರೆ ನಿನಗೆ ಕೆಲಸದ ವೀಸಾಕ್ಕೆ ಅಪ್ಲೈ ಮಾಡುತ್ತೇವೆ" ಎಂದರು ಮೇಡಂ. ಆ ಮಾತು ಕೇಳಿ ಮನೆಗೆ ಬರುವಾಗ ನನಗೆ ಟ್ರೈನಿನಲ್ಲಿ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಅಲ್ಲಿನ ನಿಯಮಗಳು ನಮ್ಮತ್ತೆಯ ದೇವರಮನೆಗಿಂತ ಬಿಗಿ. ಕೈ ತೊಳೆಯದೆ ಮುಟ್ಟುವಂತಿಲ್ಲ, ಪೆನ್ನು ಒಳಗೆ ತರುವಂತಿಲ್ಲ, ಊಟದ ಡಬ್ಬಿ ಬಾಗಿಲ ಆಚೆಗೇ. ಇದನ್ನೆಲ್ಲ ಕೇಳಿದ ಅತ್ತೆ, "ಪರ್ವಾಗಿಲ್ವೇ, ಆಯಮ್ಮಂಗೆ ಮಡಿ ಗೊತ್ತು" ಎಂದು ಮೆಚ್ಚಿಕೊಂಡರು. ಎಲ್ಲಕ್ಕಿಂತ ದೊಡ್ಡ ನಿಯಮ: ಮೂಲ ಕಾಗದ ಲೈಬ್ರರಿಯ ಹೊಸಿಲು ದಾಟಬಾರದು, ಕಾಪಿಯನ್ನು ಬೇಕಾದರೆ ಮನೆಗೆ ಒಯ್ಯಬಹುದು.

ಅತ್ತೆ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ನಾನು ಜೆರಾಕ್ಸ್ ಪ್ರತಿಗಳನ್ನು ಮನೆಗೆ ತಂದು ಬಿಡಿಸುತ್ತಿದ್ದುದನ್ನು ನೋಡಿ, "ಏನೇ ಅದು, ಓದೇ" ಎಂದರು. ಓದಿದೆ, ಕನ್ನಡದಲ್ಲಿ. ಅಷ್ಟೇ. ಅವತ್ತಿನಿಂದ ಮಧ್ಯಾಹ್ನದ ಕಾಫಿಯ ಹೊತ್ತಿಗೆ ಡಾಕ್ಟರ ಕಾಗದ ಓದದಿದ್ದರೆ ಮನೆಯಲ್ಲಿ ಕಾಫಿಯೇ ಇಲ್ಲ ಎನ್ನುವಂತಾಯಿತು.

ಡಾಕ್ಟರು ತಾಯಿಯನ್ನು ಸಾಕ್ಸ್ ಕಳಿಸೆಂದು ಕೇಳಿದ್ದರು. "ಆ ಸೆಕೇಲಿ ಸಾಕ್ಸ್ ಯಾತಕ್ಕೆ?" ಎಂದ ಅತ್ತೆ ಎರಡು ಗುಟುಕು ಕಾಫಿ ಕುಡಿದು ತಾವೇ ಉತ್ತರ ಕಂಡುಹಿಡಿದರು: "ಸೊಳ್ಳೆ ಕಾಲಿಗೇ ಅಲ್ವೇನೇ ಕಚ್ಚೋದು!" ಅಲ್ಲಿನ ಊಟ ಡಬ್ಬಿ ಮೀನು ಎಂದಾಗ ಮೂಗು ಮುಚ್ಚಿಕೊಂಡರು. ಆ ದೇಶದ ಕೋತಿಗಳಿಗೆ ಈ ಜ್ವರ ಅಂಟದ ಕಾರಣ ಇಂಡಿಯಾದಿಂದ ಹಡಗಿನಲ್ಲಿ ಕೋತಿ ತರಿಸಿದರು ಎಂಬ ಕಾಗದ ಬಂದ ದಿನವಂತೂ ಕುರ್ಚಿಯಿಂದ ಎದ್ದೇ ಬಿಟ್ಟರು.

"ನಮ್ ಕೋತಿಗಳಾ? ಅಷ್ಟು ದೂರ?"

"ಹೂಂ ಅತ್ತೆ. ಅವಕ್ಕೆ ಹೋದ ದಿನವೇ ಕೆಲಸ ಸಿಕ್ತು. ನಂಗೆ ನಾಲ್ಕು ವರ್ಷ ಆದ್ರೂ ಸಿಕ್ಕಿಲ್ಲ."

ಅತ್ತೆ ನಗಲಿಲ್ಲ. ಜ್ವರ ಬರಿಸಿ ಕೋತಿಗಳನ್ನು ಸಾಯಿಸುತ್ತಾರೆಂದು ತಿಳಿದ ಮೇಲೆ ಎರಡು ದಿನ ಡಾಕ್ಟರ ಮೇಲೆ ಮುನಿಸಿಕೊಂಡರು. ಶನಿವಾರ ಕೋತಿಯ ಸುದ್ದಿ ಇರುವ ಕಾಗದ ಓದಕೂಡದೆಂದು ಕಟ್ಟಪ್ಪಣೆ ಮಾಡಿದರು. ಆದರೆ ಮುಂದಿನ ಕಾಗದದಲ್ಲಿ ಡಾಕ್ಟರೇ, "ಅಮ್ಮಾ, ಕೋತಿಗಳ ಕಣ್ಣು ನೋಡಿದರೆ ನನಗೆ ನಿದ್ದೆ ಬರುವುದಿಲ್ಲ" ಎಂದು ಬರೆದಿದ್ದರು. ಅತ್ತೆ ಆ ಕ್ಷಣವೇ ಕ್ಷಮಿಸಿಬಿಟ್ಟರು. ಅಂದಿನಿಂದ ಅವರ ಬಾಯಲ್ಲಿ ಡಾಕ್ಟರು ಹೋಗಿ "ನಮ್ ಹುಡುಗ" ಆಯಿತು.

ನವೆಂಬರಿನ ಒಂದು ಗುರುವಾರ ಪೆಟ್ಟಿಗೆಯ ತಳ ಮುಟ್ಟಿದೆ. ಕೊನೆಯಲ್ಲಿದ್ದದ್ದು ಕೈಬರಹವಲ್ಲ; ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆಯ ಮೇಲೆ ಟೈಪ್ ಮಾಡಿದ ಒಂದು ಕಾಗದ, ಕಾರ್ಬನ್ ಕಾಪಿ. ಸಂಶೋಧನೆಯ ಮುಖ್ಯಸ್ಥರು ಡಾಕ್ಟರ ತಾಯಿಗೆ ಬರೆದದ್ದು, ಅವರ ಆಫೀಸಿನ ಫೈಲಿನಿಂದ ಬಂದದ್ದು. ಟೈಪಾಗಿದ್ದರಿಂದ ನಾನು ಅದನ್ನು ಬಿಡಿಸಬೇಕಾಗಿಯೇ ಇರಲಿಲ್ಲ, ಅದಕ್ಕೇ ಜೆರಾಕ್ಸೂ ಆಗಿರಲಿಲ್ಲ. ಆದರೆ ಕತೆಯ ಕೊನೆ ಇಲ್ಲದೆ ಮನೆಗೆ ಹೋದರೆ ಅತ್ತೆ ಬಿಡುತ್ತಾರೆಯೇ? ನಮ್ಮಪ್ಪನ ಅಂಗಡಿಯ ಬಿಲ್ ಬುಕ್ಕಿನಲ್ಲಿ ಬಿಳಿ ಹಾಳೆ ಗಿರಾಕಿಗೆ, ಕಾರ್ಬನ್ ಹಾಳೆ ಅಂಗಡಿಗೆ; ದೀಪಾವಳಿ ಕಳೆದ ಮೇಲೆ ಆ ಕಾರ್ಬನ್ ಹಾಳೆಗಳೆಲ್ಲ ಕಡಲೆಕಾಯಿ ಮಾರುವವನಿಗೆ. ಕಾರ್ಬನ್ ಕಾಪಿ ಎಂದರೆ ಕಾಪಿ, ಕಾಪಿ ಮನೆಗೆ ಹೋಗಬಹುದು. ಲಾಯರಂತೆ ಹೀಗೆ ವಾದ ಹೂಡಿ, ನಾನೇ ಜಡ್ಜಾಗಿ ತೀರ್ಪು ಕೊಟ್ಟು, ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ.

ಅವತ್ತೇ ಮಧ್ಯಾಹ್ನ ಮನೆಗೆ ಬಂದು ಓದಲು ಕೂತೆ. ನಿಮ್ಮ ಮಗನಿಗೆ ಹಳದಿ ಜ್ವರವೇ ಬಂತು, ಐದನೆಯ ದಿನ ತೀರಿಕೊಂಡರು, ಕೊನೆಯ ದಿನವೂ ಕೋತಿಗಳಿಗೆ ನೀರಿಟ್ಟಿದ್ದೀರಾ ಎಂದು ಕೇಳುತ್ತಿದ್ದರು ಎಂದಿತ್ತು. ನೀವು ಕಳಿಸಿದ ಸಾಕ್ಸಿನ ಪಾರ್ಸೆಲ್ ಮಾರನೆಯ ದಿನ ಬಂತು ಎಂದೂ ಇತ್ತು. ನನಗೆ ಮುಂದೆ ಓದಲಾಗಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದವರೇ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಪರ್ ಪರ್ ಎಂದು ನಾಲ್ಕು ತುಂಡು ಮಾಡಿದರು.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಸಾವಿನ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು, ಓದಿದ ಕೂಡಲೇ ಹರಿದು ಹೊರಗೆ ಹಾಕಬೇಕು ಎಂಬ ಪದ್ಧತಿಯನ್ನು ನಮ್ಮಮ್ಮನೂ ಪಾಲಿಸುತ್ತಿದ್ದರು. ಹೋಗಲಿ, ಕಾಪಿ ತಾನೆ ಎಂದುಕೊಂಡೆ. ಅತ್ತೆ ನಮ್ಮನೆಯವರ ಜಾಕೆಟ್ ಹೊದ್ದು, ಸಾಕ್ಸಿನ ಮೇಲೆ ಚಪ್ಪಲಿ ಮೆಟ್ಟಿ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ದೊಡ್ಡ ಮುಚ್ಚಳದ ಕಸದ ಡಂಪ್‌ಸ್ಟರ್ ಕಡೆ ನಡೆದರು. ವಾಪಸು ಬಂದವರು ಬಾಗಿಲಲ್ಲೇ ನಿಂತು, "ಮುಟ್ಬೇಡ, ದಾರಿ ಬಿಡು, ನೇರ ಬಚ್ಚಲಿಗೆ ಹೋಗ್ತೀನಿ. ಆಮೇಲೆ ನೀನೂ ತಲೆಗೆ ಹಾಕ್ಕೋ" ಎಂದರು.

ಸಂಜೆ ನಮ್ಮನೆಯವರು ಆಫೀಸಿನಿಂದ ಬಂದಾಗ ಟವೆಲ್ ಬಾಗಿಲಲ್ಲೇ ಕಾದಿತ್ತು.

"ಯಾರು ಹೋದ್ರು?" ಎಂದು ಗಾಬರಿಯಾದರು.

"ಡಾಕ್ಟ್ರು" ಎಂದರು ಅತ್ತೆ.

"ಯಾವ ಡಾಕ್ಟ್ರು? ನಮ್ ಇನ್ಶೂರೆನ್ಸ್‌ನಲ್ಲಿ ಇರೋರಾ?"

"ಹಳದಿ ಜ್ವರದೋರು ಕಣ್ರೀ" ಎಂದೆ ನಾನು. "ಹೋಗಿ ಎಪ್ಪತ್ತೈದು ವರ್ಷ ಆಯ್ತು."

ಅವರು ನನ್ನ ಮುಖ ನೋಡಿದರು, ಅವರಮ್ಮನ ಮುಖ ನೋಡಿದರು. ಸಾಫ್ಟ್‌ವೇರಿನವರಾದರೂ ಬುದ್ಧಿವಂತರು, ಟವೆಲ್ ಎತ್ತಿಕೊಂಡು ಹೋಗಿ ಸ್ನಾನ ಮಾಡಿದರು.

ಶುಕ್ರವಾರ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಪೆಟ್ಟಿಗೆಯಲ್ಲಿ ಕೊನೆಯ ಕಾಗದ ಕಾಣುತ್ತಿಲ್ಲ, ನೋಡಿದೆಯಾ ಎಂದು ಕೇಳಿದರು. ಆ ಕಾಪಿ ನಮ್ಮ ಮನೆಗೆ ಬಂದಿದೆ ಎಂದೆ.

"ಕಾಪಿಯೇ? ಜಗತ್ತಿನಲ್ಲಿ ಇರುವುದು ಅದೊಂದೇ" ಎಂದರು ಮೇಡಂ.

ಕೆಲಸ, ವೀಸಾ, ಮೇಡಂ ನನ್ನ ಮೇಲಿಟ್ಟಿದ್ದ ನಂಬಿಕೆ ಎಲ್ಲ ಡಂಪ್‌ಸ್ಟರಿನಲ್ಲಿದೆ ಎಂದು ಅಳುತ್ತಾ ಅತ್ತೆಗೆ ಹೇಳಿದೆ.

"ಅದ್ರಲ್ಲಿ ಎಲ್ಲಿ ಹಾಕ್ದೆ? ಮುಚ್ಚಳ ಎತ್ತಕ್ಕೇ ಆಗ್ಲಿಲ್ಲ" ಎಂದರು ಅತ್ತೆ. "ಪಕ್ಕದ ಗಿಡದ ಬುಡದಲ್ಲಿಟ್ಟು ಮೇಲೊಂದು ಕಲ್ಲಿಟ್ಟೆ. ಹಾರಿ ಯಾರದ್ದಾದ್ರೂ ಬಾಗಿಲಿಗೆ ಹೋದ್ರೆ ಪಾಪ, ಅವ್ರಿಗ್ಯಾಕೆ ಮೈಲಿಗೆ?"

ಓಡಿದೆ. ನಾಲ್ಕೂ ತುಂಡುಗಳು ಕಲ್ಲಿನಡಿ ಹಪ್ಪಳದಂತೆ ಸೆಟೆದು ಕೂತಿದ್ದವು. ಅತ್ತೆ ಇಸ್ತ್ರಿ ಪೆಟ್ಟಿಗೆ ಹೊರತೆಗೆದರು, ಕೈಮುಗಿದು ತಡೆದೆ. ಎರಡು ಸ್ಟೀಲ್ ತಟ್ಟೆಗಳ ನಡುವೆ ತುಂಡುಗಳನ್ನಿಟ್ಟು, ಬಟ್ಟೆ ಸುತ್ತಿ ಹೊರಟರೆ, ಅತ್ತೆ ಮೈಸೂರು ಸಿಲ್ಕ್ ಉಟ್ಟು ಸಿದ್ಧವಾಗಿ ನಿಂತಿದ್ದರು. "ಹರಿದೋಳು ನಾನು. ನೀನ್ಯಾಕೆ ಬೈಸ್ಕೋಬೇಕು?" ಎಂದರು. ನಮ್ಮಿಬ್ಬರಿಗೆ ಅಷ್ಟೇನೂ ಹೊಂದಿಕೆ ಇರಲಿಲ್ಲ, ನಿಜ ಹೇಳುತ್ತೇನೆ. ಆದರೆ ಅವತ್ತು ಟ್ರೈನಿನಲ್ಲಿ ಅವರ ಕೈ ಹಿಡಿದುಕೊಂಡೇ ಕೂತಿದ್ದೆ.

ತಟ್ಟೆ ತೆರೆದು ನೋಡಿ ಮೇಡಂ ಕುರ್ಚಿಯಲ್ಲಿ ಕುಸಿದರು. ಅತ್ತೆ ಕನ್ನಡದಲ್ಲಿ ತಪ್ಪೊಪ್ಪಿಗೆ ಶುರುಮಾಡಿದರು: ಸಾವಿನ ಕಾಗದ, ಹರಿಯುವ ಪದ್ಧತಿ, ಮೂವರ ತಲೆಸ್ನಾನ, ಕಲ್ಲು. ನಾನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿದೆ. ಕಾರ್ಬನ್ ಮನೆಗೆ ತಂದದ್ದು ಮಾತ್ರ ನನ್ನದೇ ತಪ್ಪು ಎಂದು ಸೇರಿಸಿದೆ. ಮೇಡಂ ನಾಲ್ಕು ತುಂಡುಗಳನ್ನು ಒಂದಕ್ಕೊಂದು ಜೋಡಿಸಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು:

"ಆ ತಾಯಿ ಎಲ್ಲವನ್ನೂ ಉಳಿಸಿಕೊಂಡಿದ್ದಳು. ಮಗನ ಅಷ್ಟೂ ಕಾಗದ, ಲಕೋಟೆ, ಪಾರ್ಸೆಲ್ಲಿನ ದಾರ ಸಹ. ಇದರ ಮೂಲಪ್ರತಿ, ಅವಳಿಗೇ ಹೋದದ್ದು, ಅದೊಂದೇ ಇಲ್ಲ. ನಾನು ವರ್ಷಗಟ್ಟಲೆ ಹುಡುಕಿದೆ, ಮೊಮ್ಮಕ್ಕಳ ಅಟ್ಟ ಸಹ ಬಿಡಲಿಲ್ಲ. ಅಂಚೆಯಲ್ಲಿ ಕಳೆದಿರಬೇಕು."

ನಾನು ಅತ್ತೆಗೆ ಹೇಳಿದೆ. ಅವರು ಮೇಡಂ ಮುಖವನ್ನೇ ನೋಡಿ, "ಕಳೆದಿಲ್ಲಮ್ಮ" ಎಂದರು. "ಹೆತ್ತೋಳು ಅದನ್ನ ಇಟ್ಕೋತಾಳಾ? ಅವಳೂ ಹರಿದು ಹಾಕಿರ್ತಾಳೆ."

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. ಪೆಟ್ಟಿಗೆಯ ಕಾಗದಗಳ ಪಟ್ಟಿ ಇರುವ ಪುಸ್ತಕ ತೆರೆದು, ಆ ಮೂಲಪ್ರತಿಯ ಮುಂದೆ ಇದ್ದ "ಅಂಚೆಯಲ್ಲಿ ಕಳೆದಿದೆ" ಎಂಬುದನ್ನು ಹೊಡೆದುಹಾಕಿ, "ಬಹುಶಃ ತಾಯಿಯೇ ಹರಿದಿರಬಹುದು" ಎಂದು ಪೆನ್ಸಿಲಿನಲ್ಲಿ ಬರೆದರು. ಯಾವ ಮಾತಿಗೂ ಅಲ್ಲಿ ಆಧಾರ ಬರೆಯಬೇಕು. ಆಧಾರದ ಜಾಗದಲ್ಲಿ "ಸ್ವಯಂಸೇವಕಿಯ ಅತ್ತೆ" ಎಂದು ಬರೆದರು. ಒಂದು ಕ್ಷಣ ನನ್ನತ್ತ ನೋಡಿ, "ಸ್ವಯಂಸೇವಕಿಯ" ಎಂಬುದನ್ನು ರಬ್ಬರಿನಿಂದ ಉಜ್ಜಿ, ಅಲ್ಲಿ "ನಮ್ಮ ಉದ್ಯೋಗಿಯ" ಎಂದು ಬರೆದರು.